ಹಾಜರಿ ಪಟ್ಟಿ

"ಮೇಲೆ ಇಷ್ಟು ಜಾಗ ಖಾಲಿ ಬಿಟ್ಟಿದ್ದು ಒಳ್ಳೇದೇ ಆಯ್ತು," ಎಂದು ಮ್ಯಾನೇಜರು ಹಾಳೆಯ ಮೇಲೆ ಬೆರಳಾಡಿಸಿದರು. "ಇಲ್ಲೊಂದು ಸಾಲು ಪ್ರಿಂಟ್ ಹಾಕ್ಬಿಡಿ. 'ಕುಲಾಂತರಿ ಮೆಕ್ಕೆಜೋಳದ ಪ್ರಯೋಗಕ್ಕೆ ನಮ್ಮೆಲ್ಲರ ಒಪ್ಪಿಗೆ ಇದೆ.' ನಾಲ್ಕು ಗಂಟೆಗೆ ಫೈಲು ಕೃಷಿ ಇಲಾಖೆಗೆ ಹೋಗ್ಬೇಕು."

"ಸರ್, ಇದು ನಿನ್ನೆ ಊರಿನವರ ಸಭೆಯ ಹಾಜರಿ ಪಟ್ಟಿ," ಎಂದಳು ಟೈಪಿಸ್ಟ್.

"ಬಂದ್ರು, ಕೂತ್ರು, ನಮ್ಮ ಚಹಾ ಕುಡಿದ್ರು. ಬೇಡ ಅಂತ ಯಾರಾದ್ರೂ ಎದ್ದು ಹೋದ್ರಾ?"

ಬೀಜದ ಕಂಪನಿಯ ಈ ಮ್ಯಾನೇಜರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. ಇಂಥವರಿಗೆ ಏನು ಹೇಳಬೇಕಿತ್ತೆಂಬುದು ಹೊಳೆಯುವುದು ಮನೆಗೆ ಹೋಗಿ ಕೈಕಾಲು ತೊಳೆದ ಮೇಲೆಯೇ. ಟೈಪಿಸ್ಟ್ ಸಾಲನ್ನು ಟೈಪು ಮಾಡಿದಳು, ಪ್ರಿಂಟೂ ಹಾಕಿದಳು. ಮೂವತ್ತಮೂರು ಸಹಿಗಳ ಮೇಲೆ ಅದು ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದರೆ, ಮೊದಲಿನಿಂದಲೂ ಅಲ್ಲೇ ಇತ್ತೆನ್ನಬೇಕು.

ಸಭೆಯ ಬಾಗಿಲಲ್ಲಿ ಕೂತು ಸಹಿ ಹಾಕಿಸಿಕೊಂಡವಳು ಅವಳೇ. ಐದನೆಯದು ಅವಳ ಚಿಕ್ಕಮ್ಮನ ಸಹಿ. ಕಂಪನಿಯ ಪ್ರಯೋಗದ ಹೊಲಕ್ಕೂ ಚಿಕ್ಕಮ್ಮನ ಹೊಲಕ್ಕೂ ನಡುವೆ ಒಂದೇ ಬೇಲಿ. ಚಿಕ್ಕಮ್ಮ ತನ್ನ ಮೆಕ್ಕೆಜೋಳದ ತೆನೆಯಿಂದಲೇ ಬೀಜ ಉಳಿಸಿಕೊಂಡು ಬಿತ್ತುವವಳು. ಆಚೆಯ ಪರಾಗ ಗಾಳಿಗೆ ಹಾರಿಬಂದು ಬೀಜ ಬೆರಕೆಯಾದರೆ ಯಾರನ್ನು ಕೇಳುವುದೆಂಬ ಚಿಂತೆ ಅವಳಿಗೆ. ಪೆನ್ನು ಮುಟ್ಟಲೂ ಹಿಂಜರಿದಿದ್ದಳು.

"ಬಂದಿದ್ದಕ್ಕೆ ಗುರುತು ಅಷ್ಟೇ, ಚಿಕ್ಕಮ್ಮ."

"ನೀನು ಹೇಳ್ತಿದ್ದೀಯ ಅಂತ ಹಾಕ್ತೀನಿ."

ಊಟದ ಬಿಡುವಿನಲ್ಲಿ ಟೈಪಿಸ್ಟ್ ಫೈಲು ಎತ್ತಿಕೊಂಡು ಚಿಕ್ಕಮ್ಮನ ಊರಿನ ಬಸ್ಸು ಹತ್ತಿದಳು. ಸೀಟಿದ್ದರೂ ಕೂರಲಾಗಲಿಲ್ಲ. ಕೆಲಸ ಹೋದರೆ ಮುಂದೇನು? ಇಳಿದು ವಾಪಸ್ಸು ಹೋಗೋಣವೆಂದು ಎರಡು ಸಲ ಬಾಗಿಲವರೆಗೂ ಬಂದಳು, ಎರಡು ಸಲವೂ ಕಂಡಕ್ಟರನಿಂದ ಬೈಸಿಕೊಂಡಳು.

ಚಿಕ್ಕಮ್ಮ ಅಂಗಳದಲ್ಲಿ ತೆನೆ ಬಿಡಿಸುತ್ತಿದ್ದಳು. ಕನ್ನಡಕ ಹಾಕಿಕೊಂಡು ಆ ಸಾಲನ್ನು ನಿಧಾನವಾಗಿ ಓದಿದಳು.

"ಇದನ್ನ ಯಾರು ಬರೆದ್ರು?"

"ನಾನೇ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಚಿಕ್ಕಮ್ಮ ಹಾಳೆಯನ್ನು ಅವಳ ಮಡಿಲಿಗಿಟ್ಟಳು. "ಸಹಿ ಹಾಕಿಸಿದೋಳು ನೀನು. ಹೊಡೆದುಹಾಕೋಳೂ ನೀನೇ."

"ಹೊಡೆದ್ರೆ ನನ್ನ ಕೆಲಸ ಹೋಗುತ್ತೆ, ಚಿಕ್ಕಮ್ಮ."

"ಹೂಂ. ಇಲ್ದಿದ್ರೆ ನನ್ನ ಬೀಜ ಹೋಗುತ್ತೆ." ಇನ್ನೊಂದು ತೆನೆ ಕೈಗೆತ್ತಿಕೊಂಡು, "ಊಟ ಮಾಡಿದ್ಯಾ?" ಎಂದಳು.

ಆ ಒಂದು ಮಾತಿಗೆ ಟೈಪಿಸ್ಟ್ ಕಣ್ಣು ತುಂಬಿಕೊಂಡಳು. ಪೆನ್ನು ತೆಗೆದು ಐದನೆಯ ಸಹಿಯ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ 'ಹಾಜರಿ ಮಾತ್ರ, ಒಪ್ಪಿಗೆ ಇಲ್ಲ' ಎಂದು ಬರೆದು ಕೆಳಗೆ ತನ್ನ ಸಹಿಯನ್ನೂ ಹಾಕಿದಳು.

ನಾಲ್ಕಕ್ಕೆ ಇನ್ನೂ ಎರಡು ಗಂಟೆಯಿತ್ತು. ಆರನೆಯದು ಪಕ್ಕದ ಮನೆಯ ಬಡಗಿಯ ಹೆಬ್ಬೆಟ್ಟು. ಅವಳು ಫೈಲನ್ನು ಎದೆಗವಚಿಕೊಂಡು ಹೋಗಿ ಆ ಮನೆಯ ಗೇಟಿನ ಚಿಲಕ ಅಲ್ಲಾಡಿಸಿದಳು.

"ಯಾರದು?" ಎಂದರು ಒಳಗಿನಿಂದ.

"ನಿನ್ನೆ ನಿಮ್ಮ ಹೆಬ್ಬೆಟ್ಟು ಒತ್ತಿಸ್ಕೊಂಡೋಳು," ಎಂದಳು.