ಬೂದಿಯ ಮೇಲೆ ಬಂದ ಅಪವಾದ

ಸೋಫಾ ರಿಪೇರಿಯವನಿಗೆ ಮದುವೆಯಾದಾಗ ನಲವತ್ತಾರು ವರ್ಷ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು ತನ್ನ ಹಳೆಯ ಕುರ್ಚಿಗೆ ಬಟ್ಟೆ ಹಾಕಿಸಲು ಬಂದವಳು, ಕುರ್ಚಿ ತಯಾರಾದ ಮೇಲೂ ಏನಾದರೊಂದು ನೆಪ ಹೇಳಿಕೊಂಡು ಬರುತ್ತಲೇ ಇದ್ದಳು. ಕೊನೆಗೆ ಅವನೇ, "ಇನ್ನೆಷ್ಟು ಕುರ್ಚಿ ಮುರೀತೀರಿ, ಇಲ್ಲೇ ಇದ್ದುಬಿಡಿ" ಎಂದ. ಅವಳು ನಕ್ಕಳು. ಅವಳ ಜೊತೆ ಹತ್ತು ವರ್ಷದ ಮಗಳು ಬಂದಳು. ಮಗಳ ಜೊತೆ ಬೂದಿ ಬಂದಳು.

ಬೂದಿ ಎಂದರೆ ಬೂದು ಬಣ್ಣದ, ತೆಳ್ಳಗಿನ, ಸದ್ದಾದರೆ ಮಂಚದಡಿ ಸೇರುವ ಹೆಣ್ಣು ಬೆಕ್ಕು. ಅವನ ಮನೆಯಲ್ಲಿ ಆಗಲೇ ಎರಡಿದ್ದವು. ಒಂದು ಚುಕ್ಕಿ. ಇನ್ನೊಂದು ಯಜಮಾನ, ಹೆಸರಿಗೆ ತಕ್ಕ ಹಾಗೆ ಮನೆಯ ಬಾಡಿಗೆ ತಾನೇ ಕಟ್ಟುತ್ತೇನೆ ಎಂಬ ಠೀವಿಯ ದಪ್ಪ ಗಂಡು. ಮೂರಕ್ಕೂ ಸೇರಿ ಮಲಮೂತ್ರಕ್ಕೆ ಇದ್ದದ್ದು ಒಂದೇ ಮರಳಿನ ಟ್ರೇ, ಬಚ್ಚಲ ಮನೆಗೆ ಹೋಗುವ ಇಕ್ಕಟ್ಟಾದ ಓಣಿಯ ತುದಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ. ಎರಡು ಬೆಕ್ಕಿಗೆ ಆರು ವರ್ಷ ಸಾಕಾದದ್ದು ಮೂರಕ್ಕೆ ಸಾಕಾದೀತೇ ಎಂದು ಅವನು ಯೋಚಿಸಲೂ ಇಲ್ಲ.

ಹುಡುಗಿ ಮೊದಮೊದಲು ಅವನ ಕೆಲಸದ ಕೋಣೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಒಂದು ದಿನ ಅವನು ಏನೂ ಮಾತಾಡದೆ ಒಂದು ಚಿಕ್ಕ ಇಕ್ಕಳ ಅವಳ ಮುಂದೆ ಇಟ್ಟ. ಅವಳು ಕೂತು ಹಳೆಯ ಕುರ್ಚಿಯ ತುಕ್ಕು ಹಿಡಿದ ಪಿನ್ನುಗಳನ್ನು ಒಂದೊಂದಾಗಿ ಕೀಳತೊಡಗಿದಳು. ಅವನನ್ನು ಏನೆಂದು ಕರೆಯಬೇಕೋ ತಿಳಿಯದೆ "ಇಲ್ನೋಡಿ" ಎಂದಷ್ಟೇ ಅನ್ನುತ್ತಿದ್ದಳು. ಎರಡನೆಯ ತಿಂಗಳಲ್ಲಿ ಯಾರೋ ಗಿರಾಕಿ ಬಾಗಿಲು ತಟ್ಟಿದಾಗ, "ಅಪ್ಪ ಒಳಗಿದ್ದಾರೆ, ಕರೀತೀನಿ" ಎಂದದ್ದು ಅವನ ಕಿವಿಗೆ ಬಿತ್ತು. ಅವನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಕೇಳಿಸಲೇ ಇಲ್ಲವೆಂಬಂತೆ ಕೆಲಸ ಮುಂದುವರಿಸಿದ. ಆ ಸಂಜೆಯೆಲ್ಲ ಒಳಗೊಳಗೇ ಹಿಗ್ಗಿದ.

ಆ ವಾರವೇ ಕೆಲಸದ ಕೋಣೆಯಲ್ಲಿದ್ದ ಫೋಮಿನ ಮೇಲೆ ಮೊದಲ ಕಲೆ ಕಾಣಿಸಿತು. ಅಂಗೈಯಷ್ಟು ಒದ್ದೆ, ಮೂಗು ಸುಡುವ ವಾಸನೆ. ಅವನು ಫಿನಾಯಿಲ್ ಹಾಕಿ ಒರೆಸಿದ. ಎರಡು ದಿನ ಬಿಟ್ಟು ಮತ್ತೆ, ಈ ಸಲ ಗಿರಾಕಿಯ ಹೊಸ ಬಟ್ಟೆಯ ಸುರುಳಿಯ ಮೇಲೆ. ಫೋಮ್ ಉಚ್ಚೆ ಕುಡಿದರೆ ಮುಗಿಯಿತು, ತೊಳೆದರೂ ಹೋಗುವುದಿಲ್ಲ, ಎಸೆಯಬೇಕು. ಮೂರು ದಿಂಬು ಎಸೆದ. ಒಬ್ಬ ಗಿರಾಕಿ ಸೋಫಾ ತಂದಿಳಿಸಿದವನು ಮೂಗು ಮುಚ್ಚಿಕೊಂಡು, "ಬೇಡ ಬಿಡಿ, ಬೇರೆ ಕಡೆ ಕೊಡ್ತೀನಿ" ಎಂದು ವಾಪಸು ಹೊತ್ತುಕೊಂಡು ಹೋದ. ಅವನ ಮುಖಕ್ಕೆ ಹೊಡೆದಂತಾಯಿತು.

ಆ ದಿನ ಊಟಕ್ಕೆ ಕೂತಾಗ ಹುಡುಗಿ ಹೇಳಿದಳು: "ಯಜಮಾನ ಟ್ರೇಯಲ್ಲಿ ಕೂತಾಗ ಕೂಗ್ತಾನೆ. ತುಂಬ ಹೊತ್ತು ಕೂತಿರ್ತಾನೆ, ಏನೂ ಬರಲ್ಲ."

"ಅವನು ಯಾವಾಗಲೂ ಕೂಗ್ತಾನಮ್ಮ. ಅವನದ್ದು ಅದೇ ಕಥೆ," ಎಂದ ಅವನು, ಗಿರಾಕಿಯ ಯೋಚನೆಯಲ್ಲೇ.

"ಇದು ಬೇರೆ ಥರ ಕೂಗು."

"ಊಟ ಮಾಡು."

ಅವಳು ತಟ್ಟೆ ನೋಡಿಕೊಂಡು ಊಟ ಮಾಡಿದಳು.

ನಾಲ್ಕು ದಿನ ಕಳೆದು ಅವನು ಬೆಳಿಗ್ಗೆ ಕೋಣೆಗೆ ಕಾಲಿಟ್ಟಾಗ ಬೂದಿ ಫೋಮಿನ ಮೇಲೆ ನಿಂತು ಮುಂಗಾಲಿನಿಂದ ಪರಪರ ಕೆರೆಯುತ್ತಿದ್ದಳು. ಕಾಲಡಿ ಹಸಿ ಕಲೆ. ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೂದಿ ಬಂದ ಮೇಲೆ ತಾನೇ ಇದೆಲ್ಲ ಶುರುವಾದದ್ದು?

ಹೆಂಡತಿಯ ಹತ್ತಿರ ಮಾತೆತ್ತಿದ. ಮರದ ಡಿಪೋದಲ್ಲಿ ಇಲಿ ಕಾಟ, ಕಾವಲುಗಾರ ಬೆಕ್ಕು ಕೇಳುತ್ತಿದ್ದ, ಅಲ್ಲಿ ಬಿಟ್ಟರೆ ಆರಾಮಾಗಿರುತ್ತದೆ ಎಂದ.

ಅವಳು, "ಮಗಳಿಗೆ ಮೊದಲು ಹೇಳಿ. ಹೇಳದೆ ಮಾತ್ರ ಮಾಡಬೇಡಿ" ಎಂದಳು.

"ಹೇಳ್ತೀನಿ" ಎಂದ. ಆದರೆ ಹೇಳಿದರೆ ಅವಳು ಅಳುತ್ತಾಳೆ, ಅತ್ತರೆ ತನ್ನ ಮನಸ್ಸು ಗಟ್ಟಿಯಾಗಿರುವುದಿಲ್ಲ ಎಂದು ಹೆದರಿದ. ಹುಡುಗಿ ಶಾಲೆಗೆ ಹೋದ ಮೇಲೆ ಬುಟ್ಟಿ ತೆಗೆದ. ಬೂದಿ ಬುಟ್ಟಿಯೊಳಗೆ ದಾರಿಯುದ್ದಕ್ಕೂ ಒಂದು ಸದ್ದೂ ಮಾಡಲಿಲ್ಲ.

ಸಂಜೆ ಹುಡುಗಿ ಅಳಲಿಲ್ಲ. "ಅವಳಲ್ಲ ಮಾಡಿದ್ದು" ಎಂದು ಒಂದೇ ಮಾತು ಹೇಳಿ ಕೋಣೆಯೊಳಗೆ ಹೋದಳು. ಚಿಕ್ಕ ಇಕ್ಕಳ ಮಾರನೆಯ ದಿನದಿಂದ ಗೋಡೆಯ ಮೊಳೆಯಲ್ಲೇ ಉಳಿಯಿತು. ಮಕ್ಕಳು, ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದು ಅವನು ತನಗೇ ಸಮಾಧಾನ ಹೇಳಿಕೊಂಡ. ಜೊತೆಗೆ ಕೆಲಸದ ಕೋಣೆಯ ಬಾಗಿಲನ್ನೂ ಹಾಕಿಕೊಂಡೇ ಕೆಲಸ ಮಾಡತೊಡಗಿದ. ಕಲೆ ಬೀಳುವುದು ನಿಂತಿತು. ನೋಡಿದಿರಾ, ನಾನು ಹೇಳಲಿಲ್ಲವೇ ಎಂಬಂತೆ ಹೆಂಡತಿಯ ಮುಖ ನೋಡಿದ. ಅವಳು ನೋಡಲಿಲ್ಲ.

ಹನ್ನೆರಡನೆಯ ದಿನ ಒಂದು ಸೋಫಾವನ್ನು ಗಾಡಿಗೆ ಹೇರಿ, ತೆರೆದಿದ್ದ ಬಾಗಿಲಿನಿಂದ ಒಳಗೆ ಬಂದರೆ ಯಜಮಾನ ದಿಂಬಿನ ಮೇಲೆ ಬೆನ್ನು ಬಾಗಿಸಿ ಕೂತಿದ್ದ. ಮೈಯೆಲ್ಲ ಬಿಗಿದುಕೊಂಡು, ಬಾಯಿ ತೆರೆದು, ಉದ್ದಕ್ಕೆ ಕೂಗಿದ. ನಿಜವಾಗಿಯೂ ಅದು ಬೇರೆ ಥರದ ಕೂಗು. ಎದ್ದು ಹೋದ ಮೇಲೆ ದಿಂಬಿನ ಮೇಲೆ ಉಳಿದದ್ದು ಮೂರು ಹನಿ. ತೆಳು ಕೆಂಪು ಬಣ್ಣ.

ಅವನು ಕೈ ತೊಳೆಯದೆ ಯಜಮಾನನನ್ನು ಎತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಓಡಿದ.

"ಮೂತ್ರದಲ್ಲಿ ಹರಳು" ಎಂದರು ಡಾಕ್ಟರಮ್ಮ, ಬೆಕ್ಕಿನ ಹೊಟ್ಟೆ ಮುಟ್ಟುತ್ತ. "ಇನ್ನೊಂದು ದಿನ ತಡ ಮಾಡಿದ್ದಿದ್ದರೆ ಪೂರ್ತಿ ಕಟ್ಟಿಕೊಂಡು ಹೋಗಿಬಿಡ್ತಿತ್ತು. ಎಷ್ಟು ದಿನದಿಂದ ಹೀಗಿದೆ?"

"ಗೊತ್ತಿಲ್ಲ" ಎಂದವನು, ತಡೆದು, "ಒಂದು ತಿಂಗಳಾಗಿರಬಹುದು" ಎಂದ.

"ಟ್ರೇಯಲ್ಲಿ ಕೂತಾಗ ನೋವಾಗುತ್ತಲ್ಲ, ಟ್ರೇನೇ ನೋಯಿಸ್ತಿದೆ ಅಂದ್ಕೊಳ್ಳುತ್ತೆ. ಅದಕ್ಕೇ ಮೆತ್ತಗಿರೋ ಜಾಗ ಹುಡುಕುತ್ತೆ. ಮನೇಲಿ ಎಷ್ಟು ಬೆಕ್ಕು, ಎಷ್ಟು ಟ್ರೇ?"

ಅವನು ಹೇಳಿದ, ಟ್ರೇ ಇದ್ದ ಓಣಿ, ಮೆಷಿನ್ನು, ಓಣಿಯ ಬಾಯಲ್ಲೇ ಮಲಗುವ ಯಜಮಾನ, ಎಲ್ಲವನ್ನೂ. ಡಾಕ್ಟರಮ್ಮ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಮೂರು ಬೆಕ್ಕಿಗೆ ನಾಲ್ಕು ಟ್ರೇ ಬೇಕು. ಎಲ್ಲ ಒಂದೇ ಕಡೆ ಅಲ್ಲ, ಬೇರೆ ಬೇರೆ ಕಡೆ. ಗಡಗಡ ಅನ್ನೋ ಮೆಷಿನ್ ಪಕ್ಕ ಬೇಡ. ಓಣಿ ಬಾಯಲ್ಲಿ ದೊಡ್ಡದು ಮಲಗಿದ್ರೆ ಚಿಕ್ಕದು ಹೇಗೆ ದಾಟಿ ಹೋಗುತ್ತೆ? ಹೊಸ ಜನ, ಹೊಸ ಬೆಕ್ಕು ಬಂದಾಗ ಇವುಗಳಿಗೂ ಸಂಕಟ ಆಗುತ್ತೆ, ಕಾಯಿಲೆ ಜಾಸ್ತಿ ಆಗುತ್ತೆ. ಫಿನಾಯಿಲ್ ಹಾಕಬೇಡಿ, ವಾಸನೆ ಪೂರ್ತಿ ಹೋಗಲ್ಲ, ಮತ್ತೆ ಅಲ್ಲಿಗೇ ಬರ್ತವೆ. ಅದಕ್ಕೆ ಬೇರೆ ದ್ರಾವಣ ಇದೆ, ಬರೆದುಕೊಡ್ತೀನಿ."

"ಒಂದು ಬೆಕ್ಕು ಒದ್ದೆ ಜಾಗಾನ ಕೆರೀತಾ ಇದ್ರೆ?" ಎಂದು ಕೇಳಿದ. ಉತ್ತರ ಅವನಿಗೆ ಆಗಲೇ ಗೊತ್ತಿತ್ತು.

"ಮುಚ್ಚೋಕೆ ನೋಡ್ತಿರುತ್ತೆ. ಇನ್ನೊಂದರದ್ದನ್ನೂ ಮುಚ್ಚೋ ಬೆಕ್ಕುಗಳಿವೆ."

ಯಜಮಾನನನ್ನು ಆಸ್ಪತ್ರೆಯಲ್ಲೇ ಬಿಟ್ಟು ನೇರ ಡಿಪೋಗೆ ಹೋದ. ಕಾವಲುಗಾರ ತಲೆ ಕೆರೆದುಕೊಂಡ. "ಅದು ಎರಡನೇ ದಿನಾನೇ ಹೋಯ್ತಲ್ಲ ಸಾರ್. ಗರಗಸ ಶುರು ಮಾಡಿದ್ದೇ ತಡ, ಗೋಡೆ ಹಾರಿ ಓಡ್ತು. ನಿಮ್ಮನೆಗೇ ಬಂದಿರುತ್ತೆ ಅಂದ್ಕೊಂಡೆ."

ಶಾಲೆ ಬಿಡುವ ಹೊತ್ತಿಗೆ ಅವನು ಗೇಟಿನ ಹತ್ತಿರ ನಿಂತಿದ್ದ. ಅಲ್ಲೇ, ಬೇರೆ ಮಕ್ಕಳು ಕೂಗಾಡಿಕೊಂಡು ಹೋಗುತ್ತಿರುವಾಗ, ಎಲ್ಲವನ್ನೂ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ.

"ನಾನು ಹೇಳಿದ್ದೆ" ಎಂದಳು ಅವಳು.

"ಹೌದು. ಹೇಳಿದ್ದೆ."

"ಊಟ ಮಾಡು ಅಂದ್ರಿ."



ಮನೆಯಲ್ಲಿ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಹಜಾರದ ಕಿಟಕಿಯಡಿ ಒಂದು ಟ್ರೇ, ಮಲಗುವ ಕೋಣೆಯ ಮೂಲೆಗೊಂದು, ಅಡುಗೆಮನೆಯ ಹಿಂದಿನ ಜಗಲಿಗೆ ಒಂದು, ಮೆಷಿನ್ನಿನಿಂದ ದೂರ ಸರಿಸಿದ ಹಳೆಯದು ಒಂದು. ದಿನಕ್ಕೆ ಎರಡು ಸಲ ತಾನೇ ತೆಗೆದು ಶುಚಿ ಮಾಡಿದ. ಯಜಮಾನ ಔಷಧಿ ಕುಡಿದು, ಹೊಸ ಆಹಾರಕ್ಕೆ ಮುಖ ಸಿಂಡರಿಸಿಕೊಂಡೇ ಹೊಂದಿಕೊಂಡ. ಎರಡೇ ವಾರದಲ್ಲಿ ಮನೆಯಲ್ಲಿ ಎಲ್ಲೂ ಒಂದು ಹನಿ ಇಲ್ಲ. ಇಷ್ಟು ಸುಲಭವಿತ್ತೇ ಎನಿಸಿತು ಅವನಿಗೆ.

ಡಿಪೋದ ಸುತ್ತಲ ಬೀದಿಗಳಲ್ಲಿ ಅವನೂ ಹುಡುಗಿಯೂ ದಿನಾ ಸಂಜೆ ಹುಡುಕಿದರು. ಅವಳು ಬರೆದ ಚಿತ್ರವನ್ನು ಅಂಗಡಿಗಳ ಗೋಡೆಗೆ ಅಂಟಿಸಿದರು. ಅವಳು ಅವನ ಜೊತೆ ನಡೆಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಹದಿನೆಂಟನೆಯ ದಿನ ಫೋನು ಬಂತು. ಡಿಪೋದ ಹಿಂದಿನ ಬೀದಿಯಲ್ಲಿ ಹರಿದ ಬಟ್ಟೆ ಹೊಲಿದುಕೊಡುವ ಒಂಟಿ ಮುದುಕಿ.

ಹೋಗಿ ನೋಡಿದರೆ ಬೂದಿ ಹೊಲಿಗೆ ಮೆಷಿನ್ನಿನ ಪಕ್ಕದ ಬಟ್ಟೆಗಂಟಿನ ಮೇಲೆ, ನಾಲ್ಕೂ ಕಾಲು ಚಾಚಿ ಮಲಗಿದ್ದಳು. ಸ್ವಲ್ಪ ದಪ್ಪಗಾಗಿದ್ದಳು. ಹುಡುಗಿಯನ್ನು ಕಂಡು ಎದ್ದು ಬಂದು ಕಾಲಿಗೆ ಮೈ ತಿಕ್ಕಿದಳು, ತೊಡೆಯೇರಿ ಕೂತಳು. ಆಮೇಲೆ ಇಳಿದು ಮತ್ತೆ ಗಂಟಿನ ಮೇಲೆ ಹೋಗಿ ಮಲಗಿದಳು.

"ತಗೊಂಡು ಹೋಗಮ್ಮ, ನಿನ್ನ ಬೆಕ್ಕಲ್ವಾ" ಎಂದಳು ಮುದುಕಿ. ಹಾಗೆನ್ನುವಾಗ ಅವಳ ಕೈ ಬೂದಿಯ ಬೆನ್ನ ಮೇಲೇ ಇತ್ತು.

ಹುಡುಗಿ ಆ ಕೈಯನ್ನು ನೋಡಿದಳು. "ಇಲ್ಲಿ ಅವಳಿಗೆ ಯಾರೂ ಅಡ್ಡ ಮಲಗಲ್ಲ" ಎಂದಳು. "ನಮ್ಮನೇಲಿ ಅವಳು ಹೀಗೆ ಕಾಲು ಚಾಚಿ ಮಲಗಿದ್ದೇ ಇಲ್ಲ. ಇಲ್ಲೇ ಇರಲಿ ಅಜ್ಜಿ. ಭಾನುವಾರ ಬಂದು ನೋಡ್ಬಹುದಾ?"

"ಈಗ ಮನೇಲಿ ಎಲ್ಲ ಸರಿಯಾಗಿದೆ" ಎಂದು ಅವನು ನಡುವೆ ಬಾಯಿ ಹಾಕಿದ. "ಜಾಗ ಇದೆ, ಟ್ರೇ ಇದೆ. ಕರ್ಕೊಂಡು ಹೋಗೋಣ."

ಅವಳು ಬೂದಿಯ ತಲೆ ಸವರಿ ಬಾಗಿಲ ಕಡೆ ನಡೆದಳು.

ದಾರಿಯಲ್ಲಿ ಖಾಲಿ ಬುಟ್ಟಿ ಅವನ ಕೈಯಲ್ಲಿತ್ತು. "ನನ್ನಿಂದ ತಪ್ಪಾಯ್ತು. ಇನ್ಮೇಲೆ ನೀನು ಹೇಳಿದ್ದು ಕೇಳ್ತೀನಿ" ಎಂದ.

"ಸರಿ" ಎಂದಳು. ಸಿಟ್ಟಿರಲಿಲ್ಲ. ಅವಳು ಜಗಳವಾಡಿದ್ದರೆ, ಬೈದಿದ್ದರೆ, ಬುಟ್ಟಿ ಕಿತ್ತು ಎಸೆದಿದ್ದರೆ ಎಷ್ಟೋ ಮೇಲಿತ್ತು.

ಆಮೇಲೆ ಅವಳು ಭಾನುವಾರಗಳಲ್ಲಿ ಅಮ್ಮನ ಜೊತೆ ಬೂದಿಯನ್ನು ನೋಡಲು ಹೋಗುತ್ತಿದ್ದಳು. ಮನೆಯಲ್ಲಿ ಅವನ ಜೊತೆ ನಯವಾಗಿಯೇ ಇದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಾನಾಗಿ ಏನನ್ನೂ ಹೇಳುತ್ತಿರಲಿಲ್ಲ. ಎಂದಾದರೊಂದು ದಿನ, ನಲ್ಲಿ ತೊಟ್ಟಿಕ್ಕುತ್ತಿದೆ, ಸೈಕಲ್ಲಿನ ಚೈನು ಸದ್ದು ಮಾಡುತ್ತಿದೆ ಎಂದು ಅವಳ ಬಾಯಿಂದ ಬಂದರೆ ಸಾಕು, ಅವನು ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದ.

"ಅಷ್ಟೇನೂ ಅರ್ಜೆಂಟ್ ಇಲ್ಲ" ಎನ್ನುತ್ತಿದ್ದಳು ಅವಳು.

"ಇರಲಿ, ಈಗಲೇ ನೋಡ್ತೀನಿ" ಎನ್ನುತ್ತ ಅವನು ಆಗಲೇ ಮೊಣಕಾಲೂರಿ ಕೂತಿರುತ್ತಿದ್ದ.