ಎಲೆಗೆ ಅಡ್ಡ ಹಿಡಿದ ಕೈ

ಮದುವೆ ಅಡುಗೆಯ ಶೆಟ್ಟಿಕೊಪ್ಪದ ಯಮುನಮ್ಮ ಬಡಿಸುವ ಪಂಕ್ತಿಯಲ್ಲಿ ಕೂತು, ಎಲೆಗೆ ಕೈ ಅಡ್ಡ ಹಿಡಿದು ಪಾರಾದವರು ಯಾರೂ ಇಲ್ಲ. ಕೈ ಅಡ್ಡ ಹಿಡಿದವರಿಗೆ ಇನ್ನೊಂದು ಹೋಳಿಗೆ ಬೇಕಾಗಿರುತ್ತದೆ, ಕೇಳುವುದಕ್ಕೆ ನಾಚಿಕೆ ಅಷ್ಟೇ ಎಂಬುದು ಆಕೆಯ ಸಿದ್ಧಾಂತ. ಬೆರಳ ಮೇಲೆಯೇ ತುಪ್ಪ ಸುರಿದಾಳು ಎಂಬ ಭಯಕ್ಕೆ ಜನ ಕೈ ತೆಗೆಯುತ್ತಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ಕಡೆಯ ಮದುವೆಗಳಲ್ಲಿ ಹೊಟ್ಟೆ ಹಿಡಿದುಕೊಂಡು ಎದ್ದವರೆಲ್ಲ ಆಕೆಯನ್ನು ಬೈದುಕೊಂಡೇ ಹೊಗಳಿದ್ದಾರೆ.

ಅಂಥ ಯಮುನಮ್ಮ ಒಂದು ವರ್ಷದಿಂದ ಗ್ಯಾಸ್ ಒಲೆಯ ಹತ್ತಿರ ಸುಳಿದಿರಲಿಲ್ಲ. ಅಡ್ಡಗದ್ದೆಯ ಒಂದು ಮದುವೆಯಲ್ಲಿ ಸಿಲಿಂಡರಿನ ಪೈಪು ಕಳಚಿ ಬೆಂಕಿ ಎದ್ದಿತ್ತು. ಮದುವೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ನರಸಿಂಹರಾಜಪುರದ ಸುಲೈಮಾನ್ ಪುಣ್ಯಕ್ಕೆ ಅಲ್ಲೇ ಇದ್ದ. ಒದ್ದೆ ಗೋಣಿಚೀಲ ಎಸೆದು ಆರಿಸಿದ. ಯಾರ ಜೀವಕ್ಕೂ ಏನೂ ಆಗಲಿಲ್ಲ, ಯಮುನಮ್ಮನ ಎಡಗೈಯ ಸುಟ್ಟ ಗಾಯವೂ ಬೇಗ ಮಾಯಿತು. ಆದರೆ ಒಲೆ ಹೊತ್ತುವಾಗ ಬರುವ ಆ 'ಬುಸ್' ಎಂಬ ಸದ್ದು ಕಿವಿಗೆ ಬಿದ್ದರೆ ಸಾಕು, ಅಂಗೈ ಬೆವರಿ, ಎದೆ ಹೊಡೆದುಕೊಂಡು, ಆಕೆ ಅಂಗಳ ದಾಟಿ ರಸ್ತೆಯಲ್ಲಿರುತ್ತಿದ್ದಳು.

ಗಂಡ ಹೂವಪ್ಪ ಕರೆಂಟ್ ಒಲೆ ತಂದ. ಮನೆಯ ಲೈಟರು, ಬೆಂಕಿಪೊಟ್ಟಣ ಎಲ್ಲ ಅಟ್ಟ ಸೇರಿದವು. ಪಕ್ಕದ ಮನೆಯವರು ಗ್ಯಾಸ್ ಹಚ್ಚುವ ಮೊದಲು ಕಿಟಕಿ ಮುಚ್ಚಿಕೊಳ್ಳತೊಡಗಿದರು. ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಆ ಪ್ರೀತಿಯನ್ನು ಉಂಡು ಭಯ ದಿನದಿನಕ್ಕೂ ಕೊಬ್ಬಿತು.

ಹೀಗಿರುವಾಗ ಸೀತೂರಿನಲ್ಲಿರುವ ತಮ್ಮನ ಮಗಳು ಕಾವ್ಯಳ ಮದುವೆ ಗೊತ್ತಾಯಿತು. ಚಪ್ಪರದ ದಿನ ಒಲೆಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಮೊದಲ ಬೆಂಕಿ ಹಚ್ಚುವವರು ಅಡುಗೆಯ ಯಜಮಾನರೇ. ಕಾವ್ಯ ತೊಟ್ಟಿಲಲ್ಲಿದ್ದಾಗಲೇ ಅವಳ ಮದುವೆಯ ಒಲೆ ತಾನೇ ಹಚ್ಚುವುದು ಎಂದು ಯಮುನಮ್ಮ ಹೇಳಿಬಿಟ್ಟಿದ್ದಳು. ಈಗ ಆಕೆಯೇ ಬೇರೆ ಅಡುಗೆಯವರನ್ನು ಹುಡುಕಿ ಎಂದಾಗ, ಕೊಪ್ಪದಲ್ಲಿ ನರ್ಸ್ ಆಗಿರುವ ಕಾವ್ಯ ಕೇಳಲಿಲ್ಲ.

"ನೀನು ಒಲೆ ಹಚ್ಚದಿದ್ರೆ ಬಂದೋರಿಗೆಲ್ಲ ಬಿಸ್ಕೆಟ್ ಕೊಟ್ಟು ಕಳಿಸ್ತೀನಿ ಅತ್ತೆ," ಎಂದಳು. ಅಂದವಳೇ ಫೋನಿನಲ್ಲೇ ವಿಡಿಯೋ ಕಾಲ್ ಮಾಡಿ ಚಿಕಿತ್ಸೆ ಕೊಡುವ ನಿಶ್ಚಿತಾ ಎಂಬ ಆಪ್ತಸಮಾಲೋಚಕಿಯ ಹತ್ತಿರ ದಿನ ಗೊತ್ತು ಮಾಡಿಯೂ ಬಿಟ್ಟಳು.

ಮೊದಲ ದಿನ ಯಮುನಮ್ಮ ಮಗ್ಗದ ಸೀರೆ ಉಟ್ಟು, ತಲೆ ಬಾಚಿ, ಜಗಲಿಯಲ್ಲಿ ಕೂತಳು. ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ನಮ್ಮ ಕಡೆ ಯಾರನ್ನೂ ಒಬ್ಬರೇ ಡಾಕ್ಟರ ಹತ್ತಿರ ಬಿಡುವ ಪದ್ಧತಿ ಇಲ್ಲವಲ್ಲ, ಹಾಗಾಗಿ ಕೇರಿಗೆ ಕೇರಿಯೇ ಬಂದು ಸುತ್ತ ಕೂತಿತ್ತು. ಮನೆಯಲ್ಲಿ ಈಗ ಯಾರಿದ್ದಾರೆ ಎಂದು ನಿಶ್ಚಿತಾ ಕೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ ಉತ್ತರಿಸಿದರು. ಆಮೇಲೆ ಯಮುನಮ್ಮನ ಕತೆಯನ್ನೂ ಅವರೇ ಹೇಳತೊಡಗಿದರು. ಪಕ್ಕದ ಮನೆಯ ರಂಗಪ್ಪನ ಲೆಕ್ಕದಲ್ಲಿ ಬೆಂಕಿ ತೆಂಗಿನ ಮರ ಮುಟ್ಟಿತ್ತು. ರಂಗಪ್ಪ ಅವತ್ತು ಅಡ್ಡಗದ್ದೆಗೆ ಹೋಗಿಯೇ ಇರಲಿಲ್ಲ. ನಿಶ್ಚಿತಾ ನಕ್ಕು, ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವ ಜಾಗ ಸಿಕ್ಕ ಮೇಲೆ ಶುರು ಮಾಡೋಣ ಎಂದು ಹೇಳಿ ಮುಗಿಸಿದಳು.

ಶೆಟ್ಟಿಕೊಪ್ಪದಲ್ಲಿ ಅಂಥ ಜಾಗ ಎಲ್ಲಿಂದ ಬರಬೇಕು? ಕೊನೆಗೆ ಸುಲೈಮಾನನ ಪಾತ್ರೆಯ ಗೋಡೌನೇ ಗತಿಯಾಯಿತು. ಅವನ ಹೆಂಡತಿ ಮುಮ್ತಾಜ್ ಒಳಗೊಂದು ಕುರ್ಚಿ ಹಾಕಿಕೊಟ್ಟು, ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ಕೂತಳು.

ಈ ಸಲ ನಿಶ್ಚಿತಾ ನಿಧಾನವಾಗಿ ಎಲ್ಲ ತಿಳಿಸಿದಳು. ಇಲ್ಲಿ ಆಡಿದ ಮಾತನ್ನು ತಾನು ಊರಿಗೆ ಸಾರುವುದಿಲ್ಲ. ಲೈನು ಕಟ್ಟಾದರೆ ತಾನೇ ತಿರುಗಿ ಮಾಡುತ್ತಾಳೆ, ಆಗಲೂ ಸಿಗದಿದ್ದರೆ ಮುಮ್ತಾಜಳ ಫೋನಿಗೆ ಮಾಡುತ್ತಾಳೆ. ಬೆಂಕಿಯ ಕತೆಯನ್ನು ಇವತ್ತೇ ಹೇಳಬೇಕಾಗಿಲ್ಲ. ಇದನ್ನು ಕೇಳಿ ಯಮುನಮ್ಮನಿಗೆ ತುಸು ಬೇಜಾರೇ ಆಯಿತು, ದಾರಿಯುದ್ದಕ್ಕೂ ಕತೆಯನ್ನು ಉರು ಹಾಕಿಕೊಂಡು ಬಂದಿದ್ದಳು. ಮದುವೆಯ ಹೊತ್ತಿಗೆ ವಾಸಿಯಾಗುತ್ತದಾ ಎಂದು ಕೇಳಿದರೆ, ಮಾತು ಕೊಡಲಾರೆ, ಪ್ರಯತ್ನ ಮಾಡೋಣ ಎಂದಳು.

"ಇನ್ನೊಂದು ಮಾತು ಯಮುನಮ್ಮ. ಯಾವಾಗ ಸಾಕು ಅನಿಸುತ್ತೋ ಆಗ ಕೈ ಎತ್ತಿ. ನಾನು ನಿಲ್ಲಿಸ್ತೀನಿ."

ಯಮುನಮ್ಮ ಒಳಗೊಳಗೇ ನಕ್ಕಳು. ಕೈ ಅಡ್ಡ ಹಿಡಿದರೆ ನಿಲ್ಲಿಸುವವರನ್ನು ಆಕೆ ಆಯುಷ್ಯದಲ್ಲೇ ನೋಡಿರಲಿಲ್ಲ. ಈಯಮ್ಮನೂ ಒಂದು ಸೌಟು ಹೆಚ್ಚಿಗೆ ಬಡಿಸಿಯೇ ಬಿಡುತ್ತಾಳೆ ಅಂದುಕೊಂಡಳು.

ಆ ಸದ್ದು ನೆನಪಾದರೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ ಎಂದು ನಿಶ್ಚಿತಾ ಕೇಳಿದಳು. ಎದೆಯಲ್ಲಿ ಎನ್ನುವಷ್ಟರಲ್ಲಿ ಎದೆ ನಿಜಕ್ಕೂ ಬಿಗಿಯಿತು. ಅಡ್ಡಗದ್ದೆಯ ಚಪ್ಪರ, ಹೊಗೆ, ಕೂಗು ಎಲ್ಲ ಒಮ್ಮೆಲೇ ನುಗ್ಗಿ ಬಂದವು. ಯಮುನಮ್ಮನಿಗೇ ಗೊತ್ತಿಲ್ಲದೆ ಕೈ ಮೇಲೆ ಹೋಯಿತು, ಅದೂ ಪೂರ್ತಿಯಲ್ಲ, ಅರ್ಧ.

ನಿಶ್ಚಿತಾ ಅಲ್ಲಿಗೇ ನಿಲ್ಲಿಸಿದಳು. ಇನ್ನೊಂದೇ ಒಂದು ಪ್ರಶ್ನೆ ಅನ್ನಲಿಲ್ಲ, ಧೈರ್ಯ ತಗೊಳ್ಳಿ ಅನ್ನಲಿಲ್ಲ. ಪಾದ ಎರಡೂ ನೆಲಕ್ಕೆ ಊರಿ, ಕಣ್ಣೆದುರು ಕಾಣುವುದನ್ನು ಒಂದೊಂದಾಗಿ ಹೇಳಿ ಎಂದಳು ಅಷ್ಟೇ. ಯಮುನಮ್ಮ ಶುರು ಮಾಡಿದಳು. ಹಂಡೆ. ಕೊಳದಪ್ಪಲೆ. ಅನ್ನ ಬಸಿಯುವ ಬುಟ್ಟಿ. ಜಾಲರಿ. ಪಾಯಸದ ಸೌಟು, ಹಿಡಿ ಸೊಟ್ಟಗಾಗಿದೆ, ಅದನ್ನು ಸೊಟ್ಟ ಮಾಡಿದವರು ಯಾರೆಂದೂ ಗೊತ್ತು. ಹೇಳುತ್ತಾ ಹೇಳುತ್ತಾ ಉಸಿರು ತನ್ನ ಜಾಗಕ್ಕೆ ಬಂತು. ಬಂದದ್ದೇ ತಡ, ಕಣ್ಣಲ್ಲಿ ನೀರು ಇಳಿಯಿತು.

"ನಿಜವಾಗ್ಲೂ ನಿಲ್ಸಿದ್ರಲ್ಲ ಮಾರಾಯ್ರೆ," ಎಂದಳು.

ಹೊರಗೆ ಬಂದವಳು ಮುಮ್ತಾಜಳ ಮನೆಯಲ್ಲಿ ಎರಡು ಲೋಟ ಚಹಾ ಕುಡಿದಳು. ಆ ವರ್ಷ ಆಕೆಯ ಮನಸ್ಸು ಅಷ್ಟು ಹಗುರಾಗಿದ್ದು ಅದೇ ಮೊದಲು.

ಆಮೇಲೆ ವಾರವಾರವೂ ಗೋಡೌನಿನ ಬಾಗಿಲು ತೆರೆಯಿತು. ಬೆಂಕಿಯ ಕತೆಯೂ ಹೊರಗೆ ಬಂತು, ತೆಂಗಿನ ಮರ ಅದರಲ್ಲಿ ಇರಲಿಲ್ಲ. ಅಟ್ಟದ ಲೈಟರು ಕೆಳಗಿಳಿಯಿತು, ಪಕ್ಕದ ಮನೆಯ ಕಿಟಕಿ ತೆರೆಯಿತು. ಮೊದಲು ತಣ್ಣಗಿನ ಒಲೆ ಮುಟ್ಟುವುದು, ಆಮೇಲೆ ದೂರದಲ್ಲಿ ಮುಮ್ತಾಜ್ ಒಲೆ ಹಚ್ಚುವುದನ್ನು ನೋಡುವುದು, ಆಮೇಲೆ ಹತ್ತಿರ. ಕೆಲವು ವಾರ ಮುಂದೆ ಹೋದದ್ದಕ್ಕಿಂತ ಹಿಂದೆ ಬಂದದ್ದೇ ಹೆಚ್ಚು. ಮನೆಯ ಪುಟ್ಟ ಒಲೆ ಹಚ್ಚಿ ಹೂವಪ್ಪನಿಗೆ ಕಾಫಿ ಕೊಟ್ಟ ದಿನ ಅವನು ಸಕ್ಕರೆ ಇಲ್ಲದ್ದನ್ನು ಹೇಳದೆ ಪೂರ್ತಿ ಕುಡಿದ. ಮದುವೆಯ ದೊಡ್ಡ ಒಲೆ ಮಾತ್ರ ಉಳಿಯಿತು.

ಚಪ್ಪರದ ದಿನ ಸೀತೂರಿನಲ್ಲಿ ಆ ಒಲೆಗೆ ಯಮುನಮ್ಮ ಕುಂಕುಮ ಇಟ್ಟಳು, ಕಾಯಿ ಒಡೆದಳು. ಪೈಪನ್ನು ತಾನೇ ಎಳೆದು ನೋಡಿದಳು, ಸುಲೈಮಾನನೂ ಎಳೆದು ನೋಡಿದ. ಕೇರಿಯವರು ಸುತ್ತ ಮುತ್ತಿಕೊಂಡರು. ಹೆದರಬೇಡ ಅಂದರು, ರಂಗಪ್ಪ ಹಚ್ಚಲಿ ಅಂದರು, ದೇವರನ್ನು ನೆನೆಸಿಕೋ ಅಂದರು. ಯಮುನಮ್ಮನ ಅಂಗೈ ಬೆವರಿತು, ಕಾಲು ರಸ್ತೆಯ ದಿಕ್ಕು ಹುಡುಕಿತು. ಆಗ ಆಕೆ ಅವರೆಲ್ಲರ ಕಡೆಗೆ ಕೈ ಎತ್ತಿ ಹಿಡಿದಳು.

ಚಪ್ಪರವೇ ಗಪ್ ಚಿಪ್ ಆಯಿತು. ಯಮುನಮ್ಮ ಪಾದ ಊರಿ ನಿಂತು, ಹಂಡೆ, ಕೊಳದಪ್ಪಲೆ, ಜಾಲರಿ ಎಂದು ಸಣ್ಣಗೆ ಹೇಳಿಕೊಂಡು, ಬಗ್ಗಿ ಬೆಂಕಿ ಇಟ್ಟಳು. 'ಬುಸ್' ಎಂದಿತು. ಎದೆ ಹಾರಿತು, ಕಾಲು ಹಾರಲಿಲ್ಲ. ಉರಿ ನೀಲಿಯಾಗಿ ನಿಂತ ಮೇಲೆ ಆಕೆ ಸೆರಗು ಸಿಕ್ಕಿಸಿ, ಬೇಳೆ ತೊಳೆದಾಯ್ತಾ ಎಂದು ಗದರಿದಳು. ಕಾವ್ಯ ಅರಿಶಿನದ ಮೈಯಲ್ಲೇ ಬಂದು ಅತ್ತೆಯನ್ನು ತಬ್ಬಿಕೊಂಡಳು.

ಮರುದಿನ ಊಟಕ್ಕೆ ಮದುಮಕ್ಕಳು ಕೂತ ಪಂಕ್ತಿಗೆ ಯಮುನಮ್ಮನೇ ಹೋಳಿಗೆ ತಂದಳು. ಎರಡು ತಿಂದ ಕಾವ್ಯ ಮೂರನೆಯದಕ್ಕೆ ಎಲೆಗೆ ಕೈ ಅಡ್ಡ ಹಿಡಿದಳು. ಹೋಳಿಗೆ ಹಿಡಿದ ಕೈ ಅಭ್ಯಾಸದಂತೆ ಮುಂದೆ ಹೋಯಿತು, ಅಲ್ಲೇ ನಿಂತಿತು, ತಿರುಗಿ ಪಾತ್ರೆ ಸೇರಿತು. ಯಮುನಮ್ಮ ಮುಂದಿನ ಎಲೆಗೆ ನಡೆದಳು. ಪಂಕ್ತಿಯವರು ಉಣ್ಣುವುದು ಬಿಟ್ಟು ನೋಡಿದರು. ಇಂಥದ್ದನ್ನು ಮೂರು ತಾಲೂಕಿನಲ್ಲಿ ಯಾರೂ ಕಂಡಿರಲಿಲ್ಲ.

ಕಾವ್ಯಳ ಮುಖ ಇಷ್ಟು ಸಣ್ಣದಾಯಿತು. "ಅತ್ತೆ, ನಾನು ಸುಮ್ನೆ ಹಿಡ್ದಿದ್ದು," ಎಂದಳು.

"ಹಂಗಾದ್ರೆ ಕೈ ತೆಗಿ, ಬಾಯಿಬಿಟ್ಟು ಕೇಳು," ಎಂದಳು ಯಮುನಮ್ಮ. "ಕೈ ಹಿಡಿದ್ರೆ ಇನ್ಮೇಲೆ ನಾನು ನಿಲ್ಲಿಸೋದೇ."

ಮದುಮಗಳು ಕೈ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಬೇಕು ಅಂದಳು. ಯಮುನಮ್ಮ ಎರಡು ಹಾಕಿ ತುಪ್ಪ ಸುರಿದಳು.