ಎಂಬತ್ತೆಂಟು ಎಂಬ ಸುಳ್ಳು

ಡಾಕ್ಟರ ಕೂದಲಿನ ಕ್ಲಿಪ್ಪಿನಲ್ಲಿ ಒಂದು ಹಲ್ಲು ಮುರಿದಿದೆ, ಇಷ್ಟು ದಿನ ಕಂಡೇ ಇರಲಿಲ್ಲ, ಕಾಣುವುದಾದರೂ ಹೇಗೆ, ಇವರ ಬೆನ್ನ ಹಿಂದೆ ಇಷ್ಟು ಹತ್ತಿರ ನಿಲ್ಲುವ ಧೈರ್ಯ ಈ ಲ್ಯಾಬಿನಲ್ಲಿ ಯಾರಿಗಿದೆ, ನನಗಿದೆ, ಇವತ್ತು ನನಗಿದೆ — ಅವರು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಎರಡು ನಿಮಿಷವಾಯಿತು, ಎರಡು ಬೆರಳು ಮಾತ್ರ ತಿರುಪನ್ನು ಹಿಂದೆ ಮುಂದೆ ಆಡಿಸುತ್ತಿವೆ, ಆ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಣ್ಣೆಯ ಕೆಳಗೆ ನೇರಳೆ ಬಣ್ಣ ಹಚ್ಚಿಕೊಂಡು ಮಲಗಿರುವುದು ನನ್ನ ಅಕ್ಕನ ರಕ್ತ. ಮೆಷಿನ್ ಅದನ್ನು ನಾರ್ಮಲ್ ಅಂದಿದೆ, ನಾನು ಅಲ್ಲ ಅಂದಿದ್ದೇನೆ. ಏನಮ್ಮ ಕನಸುಗಾತಿ, ಮೆಷಿನ್ ಸಾವಿರಾರು ಕಣ ಎಣಿಸುತ್ತೆ, ನೀನು ಎಣಿಸೋದು ನೂರು, ಯಾರ ಮಾತು ಕೇಳ್ಬೇಕು ನೀನೇ ಹೇಳು, ಎಂದರು ನಮ್ಮ ಹಿರಿಯ ಟೆಕ್ನಿಷಿಯನ್, ನಾವೆಲ್ಲ ಮಾಮ ಎಂದು ಕರೆಯುವವರು, ಟೀ ಲೋಟದ ಮೇಲಿಂದ ಹುಬ್ಬು ಹಾರಿಸುತ್ತ, ಹೋಗು ಹೋಗು, ಮೇಡಂ ಹತ್ರ ಉಗಿಸ್ಕೊಂಡು ಬಾ, ಬಿಸಿ ಇಳಿಯುತ್ತೆ. ಬಂದೆ. ನಿಂತಿದ್ದೇನೆ. ಪಾದದ ಕೆಳಗೆ ಚಪ್ಪಲಿಯ ಒರಟು, ಅದರ ಪಟ್ಟಿ ಹೆಬ್ಬೆರಳಿಗೆ ಒತ್ತುವುದು, ಎಲ್ಲ ನನಗೆ ಗೊತ್ತಾಗುತ್ತಿದೆ, ಎಂಥ ಸಿರಿವಂತಿಕೆ ಇದು, ಹೊರಗೆ ಬೆಂಚಿನ ಮೇಲೆ ಕೂತಿರುವ ಅಕ್ಕನಿಗೆ ಇದಿಲ್ಲ.

ಹತ್ತಿ ಹಾಸಿದ ಹಾಗಾಗುತ್ತೆ ಕಣೇ ಪುಟ್ಟಿ, ಕಾಲ ಕೆಳಗೆ ಯಾರೋ ಹತ್ತಿ ಹಾಸಿದ ಹಾಗೆ — ಮೂರು ತಿಂಗಳ ಹಿಂದೆ ಮೊದಲ ಸಲ ಹೇಳಿದಳು, ನಾನು ನಕ್ಕೆ, ರಾಜಕುಮಾರಿ ಆಗಿಬಿಟ್ಯಲ್ಲೇ ಅಂದೆ. ಅಕ್ಕ ಬಸ್ ಓಡಿಸುತ್ತಾಳೆ, ಒಂಬತ್ತನೇ ನಂಬರು, ಶಾಲೆಯ ಮುಂದಿನ ಆ ಕಡಿದಾದ ಇಳಿಜಾರಿನ ದಾರಿ, ಹನ್ನೆರಡು ವರ್ಷದಲ್ಲಿ ಒಂದು ಗೀರು ಇಲ್ಲ, ಅವಳ ಬಸ್ಸು ತಿರುವಿನಲ್ಲಿ ಬರುವುದನ್ನು ನೋಡಿದರೆ ನನಗೆ ಈಗಲೂ ರೋಮ ನಿಮಿರುತ್ತದೆ, ಅಷ್ಟು ದೊಡ್ಡ ಗಾಜಿನ ಹಿಂದೆ ಅಷ್ಟು ಸಣ್ಣ ಮುಖ, ನನ್ನ ಅಕ್ಕ ಎಂದು ಪಕ್ಕದವರಿಗೆ ಹೇಳದೆ ಇರಲು ಆಗುವುದೇ ಇಲ್ಲ. ಆಮೇಲೆ ಒಂದು ದಿನ ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿ ಬಿದ್ದು ಬರಿಗಾಲಲ್ಲಿ ಮನೆಯವರೆಗೂ ನಡೆದು ಬಂದಳು, ಗೊತ್ತೇ ಆಗಿರಲಿಲ್ಲ, ಆಗ ನಾನೇ ಇಲ್ಲಿಗೆ ಕರೆತಂದೆ, ನಾನೇ ರಕ್ತ ತೆಗೆದೆ, ನಾನೇ ಮೆಷಿನ್ನಿಗೆ ಕೊಟ್ಟೆ, ನಾನೇ ಕಾಗದ ಓದಿ ಹೇಳಿದೆ — ನಾರ್ಮಲ್ ಕಣೇ ಅಕ್ಕ, ಗಟ್ಟಿಮುಟ್ಟಾಗಿದೀಯ. ಅಯ್ಯೋ, ಆ ದಿನದ ನನ್ನ ದನಿ, ಎಷ್ಟು ಬಿಗುಮಾನ. ಕಣದ ಸರಾಸರಿ ಗಾತ್ರ ಎಂಬತ್ತೆಂಟು, ಎಂಬತ್ತರಿಂದ ನೂರರವರೆಗೆ ಇರಬೇಕು, ಸರಿಯಾಗಿ ಅದರೊಳಗೆ ಕೂತಿತ್ತು. ಕೊನೆಯ ಸಾಲಿನ ಒಂದು ಅಂಕಿಯ ಪಕ್ಕ ಸಣ್ಣ ನಕ್ಷತ್ರ, ಕಣಗಳ ಗಾತ್ರದಲ್ಲಿ ಏರುಪೇರು ಹೆಚ್ಚಿದೆ ಎಂಬ ಗುರುತು, ಆ ನಕ್ಷತ್ರ ಎಲ್ಲರಿಗೂ ಬರುತ್ತಮ್ಮ ಬಿಡು ಎನ್ನುತ್ತಾರೆ ಮಾಮ, ಬಿಟ್ಟೆ, ಕಥೆಯಲ್ಲಿ ಕಂಡ ನಕ್ಷತ್ರವನ್ನೆಲ್ಲ ಹಿಂಬಾಲಿಸುವವಳು ಕಾಗದದ ಮೇಲೆ ಕಂಡದ್ದನ್ನು ಬಿಟ್ಟುಬಿಟ್ಟೆ.

ಮತ್ತು ಹೋದ ವಾರ ಆ ಇಳಿಜಾರು. ಅಕ್ಕ ಹೇಳುವಾಗ ಕಣ್ಣು ಎತ್ತಲಿಲ್ಲ — ಬ್ರೇಕ್ ಒತ್ತಿದೆ ಪುಟ್ಟಿ, ಒತ್ತಿದ್ದೀನೋ ಇಲ್ವೋ ಕಾಲು ಹೇಳ್ತಾ ಇಲ್ಲ, ಬಗ್ಗಿ ನೋಡ್ದೆ, ಕಾಲು ಬ್ರೇಕ್ ಮೇಲೇ ಇತ್ತು, ಆದ್ರೆ ನೋಡೋವರೆಗೂ ನನಗೆ ಗೊತ್ತಿರ್ಲಿಲ್ಲ. ಬಗ್ಗಿ ನೋಡಿದಳು, ನಲವತ್ತು ಜನರನ್ನು ಹೊತ್ತು ಇಳಿಯುತ್ತಿರುವ ಬಸ್ಸಿನಲ್ಲಿ ರಸ್ತೆಯಿಂದ ಕಣ್ಣು ತೆಗೆದು ತನ್ನ ಕಾಲನ್ನು ತಾನೇ ಬಗ್ಗಿ ನೋಡಿದಳು, ಮುಂದಿನ ನಿಲ್ದಾಣದಲ್ಲಿ ಕೈಬ್ರೇಕ್ ಎಳೆದು ಎದ್ದು ನಿಂತು ಎಲ್ಲರೂ ಇಳೀರಿ, ಹಿಂದಿನ ಬಸ್ ಬರುತ್ತೆ, ನಾನು ಓಡಿಸೋದಿಲ್ಲ ಅಂದಳು. ಇದಕ್ಕೇ ಹೆಂಗಸರ ಕೈಗೆ ಸ್ಟೀರಿಂಗ್ ಕೊಡಬಾರ್ದು ಅನ್ನೋದು ಎಂದು ಯಾರೋ ಕೂಗಿದರಂತೆ, ಹೆಂಗಸು ಅಂತಲೇ ಸ್ವಾಮಿ ನೀವಿನ್ನೂ ಉಸಿರಾಡ್ತಿರೋದು ಎಂದು ಇವಳು ತಿರುಗಿ ಕೊಟ್ಟಳಂತೆ, ಕೀಲಿ ಕೈಯಲ್ಲಿ ಹಿಡಿದು ಡಿಪೋವರೆಗೆ ನಡೆದೇ ಹೋದಳು, ಹತ್ತಿಯ ಮೇಲೆ. ನನ್ನ ಅಕ್ಕ. ರಾಜ್ಯ ಬಿಟ್ಟುಕೊಟ್ಟ ಎಷ್ಟು ರಾಣಿಯರ ಕಥೆ ಹೇಳಿದ್ದಾಳೆ ಅಜ್ಜಿ, ಅವರಲ್ಲಿ ಒಬ್ಬಳಿಗೂ ಈ ಧೈರ್ಯ ಇರಲಿಲ್ಲ. ಡಿಪೋ ಮ್ಯಾನೇಜರು ನಾನು ಓದಿ ಹೇಳಿದ ಅದೇ ಕಾಗದ ಮುಂದಿಟ್ಟುಕೊಂಡು — ನಾರ್ಮಲ್ ಅಂತಿದೆಯಲ್ಲಮ್ಮ, ರೋಗ ಕಾಲಲ್ಲಲ್ಲ, ತಲೇಲಿ ಇರೋದು, ಇನ್ನೊಂದು ಸಲ ಪರೀಕ್ಷೆ ಮಾಡಿಸ್ಕೊಂಡು ಬಾ, ಅದೂ ನಾರ್ಮಲ್ ಬಂದ್ರೆ ನಾಳೆಯಿಂದ ಬಸ್ ಹತ್ತು, ಇಲ್ಲ ಕೆಲಸ ಬಿಡು. ಬಸ್ ಹತ್ತುವುದಿಲ್ಲ ಅವಳು, ನನಗೆ ಗೊತ್ತು. ಹನ್ನೆರಡು ವರ್ಷದ ಕೆಲಸ ಬಿಡುತ್ತಾಳೆ, ಸುಳ್ಳುಗಾತಿ ಎನ್ನಿಸಿಕೊಂಡು ಬಿಡುತ್ತಾಳೆ, ಕಾಲು ಹಾಗೇ ಸಾಯುತ್ತ ಹೋಗುತ್ತದೆ. ಆ ಇನ್ನೊಂದು ಸಲ ಎಂದರೆ ಇವತ್ತು, ಬೆಳಿಗ್ಗೆ ಮೆಷಿನ್ ಮತ್ತೆ ಎಂಬತ್ತೆಂಟು ಅಂದಿತು, ಮತ್ತೆ ನಕ್ಷತ್ರ.

ಈ ಸಲ ನಾನು ಬಿಡಲಿಲ್ಲ. ಒಂದು ಹನಿಯನ್ನು ಗಾಜಿನ ಮೇಲೆ ಎಳೆದೆ, ತೆಳ್ಳಗೆ, ನಾಲಿಗೆಯ ಆಕಾರ ಬರುವ ಹಾಗೆ, ಒಣಗಿಸಿ ಬಣ್ಣ ಹಾಕಿ ಕಣ್ಣು ಹಚ್ಚಿದರೆ — ಅಲ್ಲಿ ಎರಡು ಜಾತಿಯ ಕೆಂಪು ಕಣಗಳು, ಕೆಲವು ಪುಟ್ಟವು, ನಡುವೆ ಬಿಳಿಚಿಕೊಂಡವು, ಕಬ್ಬಿಣ ಸಿಗದೆ ಬಡವಾದವು, ಕೆಲವು ಮೊಟ್ಟೆಯಂತೆ ಊದಿದ ದೊಡ್ಡವು, ಬಿ ಹನ್ನೆರಡು ಸಿಗದೆ ಸರಿಯಾಗಿ ಬೆಳೆಯದವು, ಅಕ್ಕಪಕ್ಕದಲ್ಲೇ, ಒಂದಕ್ಕೊಂದು ಆತುಕೊಂಡು. ಪುಟ್ಟದ್ದನ್ನೂ ದೊಡ್ಡದ್ದನ್ನೂ ಕೂಡಿಸಿ ಭಾಗಿಸಿದರೆ ಎಂಬತ್ತೆಂಟಲ್ಲದೆ ಇನ್ನೇನು ಬಂದೀತು. ಅಜ್ಜಿಯ ಕಥೆಯಲ್ಲಿ ಕೋಟೆಯ ಬಾಗಿಲ ಕಾವಲುಗಾರನೊಬ್ಬ ಇದ್ದ, ಕೋಲು ಹಿಡಿದು ಅಳೆದು ಒಳಗೆ ಬಿಡುತ್ತಿದ್ದ, ಒಬ್ಬ ಕುಳ್ಳ ಕಳ್ಳ ಒಬ್ಬ ಉದ್ದ ಕಳ್ಳ ಒಂದೇ ಕಂಬಳಿ ಹೊದ್ದು ಬಂದರು, ಇವನು ಇಬ್ಬರನ್ನೂ ಸೇರಿಸಿ ಅಳೆದು ಅರ್ಧ ಮಾಡಿ ಹೋಗ್ರಪ್ಪ ಸರಿಯಾಗಿದ್ದೀರಿ ಅಂದ, ಅಜ್ಜಿ ಹಾಗೆಯೇ ಹೇಳಿದ್ದಳೋ ನಿದ್ದೆಗಣ್ಣಲ್ಲಿ ನಾನೇ ಸೇರಿಸಿಕೊಂಡೆನೋ, ಇರಲಿ. ಅಜ್ಜಿಗೆ ನಾನು ಪಾಠ ಓದಿ ಹೇಳುತ್ತಿದ್ದೆ, ಕಬ್ಬಿಣ ಎಂದರೆ ಉಸಿರು ಹೊರುವ ಹಮಾಲಿ, ವಿಟಮಿನ್ ಎ ದೀಪ ಹಿಡಿಯುವವಳು, ಡಿ ಬಿಸಿಲಲ್ಲಿ ಕೂತು ಮೂಳೆಗೆ ಗಾರೆ ಹಾಕಿಸುವ ಮೇಸ್ತ್ರಿ, ಬಿ ಹನ್ನೆರಡು ನರಗಳಿಗೆ ಅಂಗಿ ಹೊಲಿಯುವವಳು, ಅವಳು ಬಾರದಿದ್ದರೆ ನರ ಬೆತ್ತಲಾಗುತ್ತದೆ, ಕಾಲು ಕಳಿಸಿದ ಸುದ್ದಿ ದಾರಿಯಲ್ಲೇ ಸೋರಿಹೋಗುತ್ತದೆ. ಅಜ್ಜಿ ಸೊಪ್ಪಿನ ಎಲೆ ಬಿಡಿಸುತ್ತ — ಬಿ ಅನ್ನೋ ಮನೇಲಿ ಹನ್ನೆರಡು ಮಕ್ಕಳಾ, ಪಾಪ ಆ ತಾಯಿ.

ಅಕ್ಕನ ರಕ್ತಕ್ಕೆ ಕಬ್ಬಿಣ, ಬಿ ಹನ್ನೆರಡು ಇಬ್ಬರೂ ಯಾಕೆ ಬರಲಿಲ್ಲ, ನಿನ್ನೆ ಅವಳ ಡ್ಯೂಟಿ ಚೀಲ ತೆಗೆದಾಗ ಕಂಡದ್ದೇ ಉತ್ತರ, ಟೀ ಫ್ಲಾಸ್ಕು, ಬನ್ನು, ಗ್ಯಾಸಿನ ಮಾತ್ರೆಯ ಖಾಲಿ ಪಟ್ಟಿಗಳು, ಒಂದಲ್ಲ ಎರಡಲ್ಲ. ಎಷ್ಟು ದಿನದಿಂದ ನುಂಗ್ತಿದ್ದೀಯೇ ಇದನ್ನ. ನಾಲ್ಕು ವರ್ಷ ಆಯ್ತೇನೋ, ದಿನಾ ಒಂದು, ಊಟಕ್ಕೆ ಹೊತ್ತುಗೊತ್ತಿಲ್ಲ, ಎದೆ ಉರಿಯುತ್ತೆ, ಏನ್ಮಾಡ್ಲಿ. ಉರಿ ನಿಂತಿತು, ಹೊಟ್ಟೆಯ ಹುಳಿಯೂ ನಿಂತಿತು, ಹುಳಿಯಿಲ್ಲದೆ ಊಟದಿಂದ ಬಿ ಹನ್ನೆರಡು ಬಿಡಿಸಿಕೊಳ್ಳುವುದು ಕಷ್ಟ, ಕಬ್ಬಿಣ ಕರಗುವುದು ಕಷ್ಟ, ಉಳಿದ ಚೂರುಪಾರು ಕಬ್ಬಿಣವನ್ನು ಊಟದ ಜೊತೆಗಿನ ಟೀ ಕಟ್ಟಿಹಾಕಿತು. ತಿಂಗಳಿಗೊಮ್ಮೆ ಹೋಗುವ ರಕ್ತ ಬೇರೆ. ಬೇಕೆಂದು ಮಾಡಿದ್ದಲ್ಲ, ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಲಿ ಎಂದು ಮಾಡಿದ್ದು —

ಬಿಳಿ ಕಣ ನೋಡಿದ್ಯಾ, ಎಂದರು ಡಾಕ್ಟರು, ಕಣ್ಣು ತೆಗೆಯದೆ. ನೋಡಿದೆ ಮೇಡಂ. ಒಳಗಿನ ಬೀಜ ಎಷ್ಟು ತುಂಡು. ಮೂರು ನಾಲ್ಕು ಇರ್ಬೇಕಿತ್ತು, ಆರಿದೆ ಮೇಡಂ, ಬಿ ಹನ್ನೆರಡು ಸಿಗದಿದ್ರೆ ಹೀಗಾಗೋದಲ್ವಾ, ಒಂದರಲ್ಲಲ್ಲ, ನೂರರಲ್ಲಿ ಒಂಬತ್ತರಲ್ಲಿ. ನೂರೂ ಎಣಿಸಿದ್ಯಾ. ಎರಡು ಸಲ. ನಿನ್ನ ಅಕ್ಕ ಅಂತ ಎರಡು ಸಲಾನಾ. ಹೌದು ಮೇಡಂ, ಅಕ್ಕ ಅಂತಲೇ, ಆದ್ರೆ ಅಕ್ಕ ಅಂತ ಆರು ಆಗ್ಲಿಲ್ಲ, ಅಲ್ಲಿ ಆರೇ ಇತ್ತು — ಇಷ್ಟು ಮಾತು ನನ್ನ ಬಾಯಿಂದ ಬಂತೇ, ಬಂತು, ಬಾಗಿಲಲ್ಲಿ ಮಾಮನ ಟೀ ಲೋಟ ಗಾಳಿಯಲ್ಲೇ ನಿಂತಿದೆ. ಡಾಕ್ಟರು ಕಣ್ಣು ತೆಗೆದರು, ಮೂಗಿನ ಮೇಲೆ ಮೈಕ್ರೋಸ್ಕೋಪಿನ ಗುರುತು, ಕಾಗದ ಎಳೆದುಕೊಂಡು ನಾರ್ಮಲ್ ಎಂಬುದರ ಮೇಲೆ ಒಂದು ಗೆರೆ, ನೇರ, ಬಿಗಿಯಾದ ಗೆರೆ, ಕೆಳಗೆ ಬರೆಯುತ್ತಿದ್ದಾರೆ, ಎರಡು ಬಗೆಯ ಕಣಗಳು, ಬಿ ಹನ್ನೆರಡು ಮತ್ತು ಕಬ್ಬಿಣ ಎರಡರ ಕೊರತೆಯ ಅನುಮಾನ, ಬರೆಯುತ್ತಲೇ ಹೇಳುತ್ತಾರೆ, ಎರಡಕ್ಕೂ ಇವತ್ತೇ ರಕ್ತ ಕಳಿಸು, ನರದ ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ, ಇಂಜೆಕ್ಷನ್ ಇವತ್ತೇ ಶುರುವಾಗ್ಲಿ, ನರ ಕಾಯಲ್ಲ, ಡಿಪೋಗೆ ಬೇರೆ ಕಾಗದ ಕೊಡ್ತೀನಿ, ಗುಣವಾಗೋವರೆಗೆ ಓಡಿಸಬಾರ್ದು, ಅವಳು ಬಸ್ ನಿಲ್ಲಿಸಿದ್ದು ಸರಿ ಅಂತ. ಆಮೇಲೆ, ಪೆನ್ನಿಗೆ ಮುಚ್ಚಳ ಹಾಕುತ್ತ — ಮೊದಲ ಸಲಾನೂ ಈ ನಕ್ಷತ್ರ ಇತ್ತಲ್ವಾ. ಇತ್ತು ಮೇಡಂ, ಬಿಟ್ಟಿದ್ದು ನಾನೇ. ಇನ್ನು ಮೇಲೆ ನಕ್ಷತ್ರ ಬಂದ ರಕ್ತವೆಲ್ಲ ಗಾಜಿನ ಮೇಲೆ ಬರ್ಲಿ, ನೋಡೋಳು ನೀನೇ. ನಾನೇ. ಕಾರಿಡಾರಿನ ಉದ್ದಕ್ಕೂ ನನ್ನ ಹಿಮ್ಮಡಿ ಟಕ್ ಟಕ್ ಎನ್ನುತ್ತಿದೆ, ಬೇಕೆಂದೇ ಜೋರಾಗಿ ಊರುತ್ತಿದ್ದೇನೆ, ಗೆರೆ ಎಳೆದ ಕಾಗದ ಕೈಯಲ್ಲಿ, ಅಕ್ಕಾ ನೀನು ಸುಳ್ಳುಗಾತಿ ಅಲ್ಲ ಎನ್ನಬೇಕು, ನಿನ್ನ ಕಾಲಿಗೆ ಅಂಗಿ ಹೊಲಿಯುವವಳು ಬರ್ತಿದ್ದಾಳೆ, ತಿಂಗಳುಗಟ್ಟಲೆ ಹಿಡೀಬಹುದು, ಪೂರ್ತಿ ಬರುತ್ತೋ ಇಲ್ಲವೋ ಯಾರೂ ಈಗಲೇ ಹೇಳಲಾರರು ಅಂತಲೂ ಎನ್ನಬೇಕು, ಅವಳಿಗೆ ಸುಳ್ಳು ಹೇಳುವುದು ಮುಗಿಯಿತು, ತಿರುವು ದಾಟಿದೆ, ಬೆಂಚು, ನೀಲಿ ಅಂಗಿಯ ಬೆನ್ನು, ಅಕ್ಕಾ ಎಂದೆ, ಕೇಳಿಸಲಿಲ್ಲ ಅವಳಿಗೆ, ಬಗ್ಗಿದ್ದಾಳೆ, ಬಲಗಾಲನ್ನು ಒಂದಿಷ್ಟೇ ಎತ್ತಿ ನೆಲದ ಮೇಲಿಟ್ಟು ಒತ್ತುತ್ತಾಳೆ, ಒತ್ತಿದೆನೇ ಎಂದು ಬಗ್ಗಿ ನೋಡುತ್ತಾಳೆ, ಎತ್ತುತ್ತಾಳೆ, ಒತ್ತುತ್ತಾಳೆ, ನೋಡುತ್ತಾಳೆ, ಆ ಕಾಲು, ನೆಲ, ಆ ಕಾಲು —